ಮೇಪಲ್ ಆಸೆ ಬಿಡಿ, ಸಾಗಡೆ ನೆಡಿ

ಬೋಡಿನಾಯಕನೂರಿನ ಅಂಗಳಕ್ಕೆ ಕೆಂಪೆಲೆಯ ಮರ ಬೇಕೆಂದು ಮೇಪಲ್ ಸಸಿಗೆ ದುಡ್ಡು ಸುರಿಯಬೇಡಿ. ಎಲೆ ಉದುರಿಸಿದ ಮೇಪಲ್ ಮತ್ತೆ ಸರಿಯಾಗಿ ಚಿಗುರಲು ವಾರಗಟ್ಟಲೆ ಕೊರೆಯುವ ಚಳಿ ಬೇಕು. ಘಟ್ಟದ ಬುಡದ ಈ ಬಯಲಿಗೆ ಅಂಥ ಚಳಿ ಬರುವುದಿಲ್ಲ. ಬೇಸಿಗೆಯ ಬಿಸಿಗಾಳಿಗಂತೂ ಅದರ ತೆಳು ಎಲೆಯ ಅಂಚು ಸುಟ್ಟು ಸುರುಟಿಕೊಳ್ಳುತ್ತದೆ. ಘಟ್ಟದ ಮೇಲಿನ ಬೋಡಿಮೆಟ್ಟಿನಲ್ಲಿ ತಂಪಿದೆಯಲ್ಲ ಎನ್ನುವಿರಿ. ಇದೆ, ಆದರೆ ಏಲಕ್ಕಿ ಬೆಳೆಸುವ ಆ ತಂಪು ಘಟ್ಟ ಇಳಿದು ನಿಮ್ಮ ಮನೆಗೆ ಬರುವುದಿಲ್ಲ.

ನಮ್ಮ ಕಾಡಿನದೇ ಸಾಗಡೆ ಇರುವಾಗ ಕೊರಗೇಕೆ? ಅರಗಿನ ಹುಳು ಸಾಕುವ ಕುಸುಂ ಮರವೇ ಇದು. ಬಿಸಿಲೇರುವ ಹೊತ್ತಿಗೆ ಹಳೆ ಎಲೆ ಉದುರಿಸಿ, ಮೆತ್ತಗೆ ಜೋಲುವ, ಎಣ್ಣೆ ಸವರಿದಂತೆ ಹೊಳೆಯುವ ಕಡುಗೆಂಪು ಚಿಗುರು ತಳೆಯುತ್ತದೆ. ಎಳೆ ಎಲೆಗೆ ಆ ಬಣ್ಣವೇ ಬಿಸಿಲಿನ ಕೊಡೆ, ಹಸಿರು ಆಮೇಲೆ. ನಿಧಾನ ಬೆಳೆಯುತ್ತದೆ ಎಂಬ ಆಕ್ಷೇಪ ನಿಜ. ಅವಸರವಿದ್ದರೆ ಕಾಡುಬಾದಾಮಿ ನೆಡಿ, ಅದರ ಹಣ್ಣೆಲೆ ಉದುರುವ ಮುನ್ನ ಕೆಂಪಾಗುತ್ತದೆ. ಕಸವೆಂದು ಗೊಣಗಬೇಡಿ, ಉದುರಿದ್ದನ್ನು ಬುಡಕ್ಕೇ ಹರಡಿದರೆ ತೇವ ಉಳಿಯುತ್ತದೆ. ಗೋಡೆಯಿಂದ 20 ಅಡಿ ದೂರದಲ್ಲಿ, ಅಕ್ಟೋಬರ್ ಮಳೆ ಹಿಡಿದಾಗ ನೆಟ್ಟು, ಮೊದಲ 2 ಬೇಸಿಗೆ ತಪ್ಪದೆ ನೀರುಣಿಸಿ.