ಗಾಯಗೊಂಡ ಹೃದಯ ಮತ್ತು ಕೊಲಾಜನ್

ಹೃದಯಾಘಾತವೆಂದೊಡನೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ನೆತ್ತರು ನೆನಪಿಗೆ ಬರುತ್ತದೆ. ಅನಂತರ ವಾರಗಟ್ಟಲೆ ಹೃದಯದ ಗೋಡೆಯಲ್ಲಿ ನಡೆಯುವ ದುರಸ್ತಿಯ ವಿಚಾರ ಬಹುಜನರಿಗೆ ತಿಳಿದಿಲ್ಲ. ಗಣಿ, ಕಾರ್ಖಾನೆ, ಹೊಲಗಳ ಭಾರದ ದುಡಿಮೆಯನ್ನೇ ನಂಬಿದ ನಮ್ಮ ಕುರೆಕುಪ್ಪ, ತೋರಣಗಲ್ಲು ಸೀಮೆಯವರು ಇದನ್ನು ಅರಿಯುವುದು ಅವಶ್ಯ.

ಸತ್ತ ಹೃದಯಸ್ನಾಯು ಮರಳಿ ಬೆಳೆಯುವುದು ಅತ್ಯಲ್ಪ. ಆ ತೆರವನ್ನು ತುಂಬುವುದು ಕೊಲಾಜನ್ ಎಂಬ ಪ್ರೋಟೀನು. ಚರ್ಮಕ್ಕೂ ಮೂಳೆಗೂ ಬಲ ನೀಡುವುದು ಇದೇ. ಇದರ ಅಣು ಮೂರೆಳೆಗಳನ್ನು ಹೊಸೆದ ಹಗ್ಗದಂತಿದೆಯೆಂದು 1954-55ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು; ಮುಂದೆ ಅಲ್ಲಿಯೇ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಇಂಥವರಿಗೆ ನೊಬೆಲ್ ದೊರೆಯದಿದ್ದುದು ಆ ಪಾರಿತೋಷಕದ ಕೊರತೆಯೇ ಸರಿ.

ಸಂಶೋಧಕರು ಹೃದಯದ ಅಂಗಾಂಶವನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಪಿಕ್ರೋಸಿರಿಯಸ್ ಕೆಂಪೆಂಬ ಬಣ್ಣವನ್ನೂಡಿಸಿ, ಧ್ರುವೀಕೃತ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡುತ್ತಾರೆ. ದಪ್ಪ ಎಳೆಗಳು ಕೆಂಪು, ಕಿತ್ತಳೆಯಾಗಿಯೂ ತೆಳು ಎಳೆಗಳು ಹಸಿರಾಗಿಯೂ ಹೊಳೆಯುತ್ತವೆ. ಬೇರೆ ಬೇರೆ ದಿನಗಳ ಅಂಗಾಂಶಗಳನ್ನು ಹೀಗೆ ಹೋಲಿಸಿದಾಗ ದುರಸ್ತಿಯ ಕ್ರಮ ಗೋಚರಿಸುತ್ತದೆ. ಮೊದಲು ಬಿಳಿ ರಕ್ತಕಣಗಳು ಸತ್ತ ಸ್ನಾಯುವನ್ನು ತೆಗೆದುಹಾಕುತ್ತವೆ. ಆಗ ಕಿಣ್ವಗಳು ಹಳೆಯ ಕೊಲಾಜನ್ನನ್ನೂ ಕತ್ತರಿಸುತ್ತವೆ. ಹೊಸದು ಇನ್ನೂ ಸಾಕಷ್ಟು ಹೆಣೆದಿರುವುದಿಲ್ಲ. ಆದ್ದರಿಂದ ಮೊದಲ ವಾರದಲ್ಲಿ, ನೋವಡಗಿ ರೋಗಿ ಎದ್ದು ಕುಳಿತು ಮಾತನಾಡುತ್ತಿರುವಾಗಲೇ, ಗೋಡೆ ಅತ್ಯಂತ ದುರ್ಬಲವಾಗಿರುತ್ತದೆ. ಅಪರೂಪವಾದರೂ ಅದು ಹರಿದರೆ ಪ್ರಾಣಾಪಾಯ. ವೈದ್ಯರು ಹೇಳಿದಷ್ಟು ನಡೆದಾಡುವುದು ಹಿತ. ಅವರ ಅಪ್ಪಣೆಯಿಲ್ಲದೆ ಚೀಲ ಹೊರುವುದು, ಗುದ್ದಲಿ ಹಿಡಿಯುವುದು ಸಲ್ಲದು. ಕ್ರಮೇಣ ತಂತುಕೋಶಗಳು ಮೂರನೆಯ ಬಗೆಯ ತೆಳು ಎಳೆಗಳನ್ನು, ಬಳಿಕ ಒಂದನೆಯ ಬಗೆಯ ದಪ್ಪ ಎಳೆಗಳನ್ನು ನೇಯುತ್ತವೆ. ಎಳೆಎಳೆಗೆ ಬಂಧ ಬಿದ್ದು ಸುಮಾರು ಎರಡು ತಿಂಗಳಲ್ಲಿ ಕಲೆ ಗಟ್ಟಿಯಾಗುತ್ತದೆ. ಮುಚ್ಚಿದ ನಾಳವನ್ನು ಬೇಗ ತೆರೆದಷ್ಟೂ ಈ ಕಲೆ ಕಿರಿದು. ಎದೆನೋವು ಕಂಡೊಡನೆ ಸಂಡೂರಿಗೋ ಬಳ್ಳಾರಿಗೋ ಧಾವಿಸಬೇಕೆನ್ನುವುದು ಇದಕ್ಕಾಗಿ.

ಗಾಯದ ಸ್ಥಳದಲ್ಲಿ ಆಸರೆಯಾದ ಕೊಲಾಜನ್ ಉಳಿದ ಭಾಗಕ್ಕೂ ಹಬ್ಬಿದರೆ ಭಾರವಾಗುತ್ತದೆ. ಹೃದಯ ಬಿರುಸಾಗಿ, ಸಡಿಲಗೊಂಡು ರಕ್ತ ತುಂಬಿಕೊಳ್ಳಲಾರದು; ಬಡಿತದ ಲಯವೂ ಕೆಡಬಹುದು. ಎಸಿಇ ಪ್ರತಿಬಂಧಕವೆಂಬ ವರ್ಗದ ಮಾತ್ರೆಗಳು ರಕ್ತದೊತ್ತಡವನ್ನು ಇಳಿಸುವುದಲ್ಲದೆ ಈ ಹಬ್ಬುವಿಕೆಯನ್ನೂ ತಗ್ಗಿಸುತ್ತವೆ. ಒತ್ತಡ ಸರಿಹೋಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವವರು ಕಳೆದುಕೊಳ್ಳುವುದು ಈ ಎರಡನೆಯ ಪ್ರಯೋಜನವನ್ನು.