ಫೋನು ಕಾದರೆ, ಉಬ್ಬಿದರೆ, ನೀರಿಗೆ ಬಿದ್ದರೆ

ಪ್ರಶ್ನೆ: ಬೇಸಿಗೆಯಲ್ಲಿ ಹೊಲಕ್ಕೆ ಹೋದಾಗ ನನ್ನ ಫೋನು ಕೈಯಲ್ಲಿ ಹಿಡಿಯಲಾರದಷ್ಟು ಕಾಯುತ್ತದೆ. ಪಂಪ್‌ಸೆಟ್ ಕೋಣೆಯಲ್ಲಿ ಚಾರ್ಜಿಗೆ ಹಾಕಿದರೆ ಇನ್ನೂ ಜಾಸ್ತಿ. ಈಚೆಗೆ ಹಿಂಬದಿ ಉಬ್ಬಿದಂತಿದೆ. ಸಿಡಿದೀತೆಂದು ಮನೆಯವರಿಗೆ ಭಯ.
– ರೈತರೊಬ್ಬರು, ಮಾದನಹಿಪ್ಪರಗಾ

ಉತ್ತರ: ಫೋನು ಕಾದ ಮಾತ್ರಕ್ಕೆ ಗಾಬರಿಯಾಗಬೇಡಿ. ಅನೇಕ ಕಂಪನಿಗಳು 35 ಡಿಗ್ರಿಯೊಳಗೆ ಬಳಸಿ ಎನ್ನುತ್ತವೆ. ಕಲಬುರಗಿ ಕಡೆಯ ಮೇ ತಿಂಗಳ ಬಿಸಿಲು 40 ದಾಟುತ್ತದೆ. ಅತಿಯಾಗಿ ಕಾದ ಫೋನು ತಾನಾಗಿ ಬೆಳಕು ತಗ್ಗಿಸುತ್ತದೆ, ಚಾರ್ಜ್ ತೆಗೆದುಕೊಳ್ಳುವುದನ್ನೂ ನಿಲ್ಲಿಸಬಹುದು. ಆಗ ಚಾರ್ಜಿನಿಂದ ಬಿಡಿಸಿ, ಕವರ್ ತೆಗೆದು ನೆರಳಲ್ಲಿಡಿ. ಫ್ರಿಜ್ಜಿನಲ್ಲಿಡುವವರೂ ಇದ್ದಾರೆ, ಬೇಡ, ಒಳಗೆ ನೀರಹನಿ ಕಟ್ಟುತ್ತದೆ.

ಆದರೆ ಉಬ್ಬಿದೆ ಎಂದಿರಲ್ಲ, ಅಲ್ಲಿ ನಿಮ್ಮ ಮನೆಯವರ ಭಯ ಸರಿಯಾಗಿಯೇ ಇದೆ. ಲಿಥಿಯಂ ಅಯಾನ್ ಬ್ಯಾಟರಿ (ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ, ಈಗಿನ ಫೋನುಗಳ ಬ್ಯಾಟರಿ) ಹಳತಾಗಿ, ಪದೇ ಪದೇ ಕಾದು ಕೆಟ್ಟಾಗ ಒಳಗೆ ಅನಿಲ ಹುಟ್ಟುತ್ತದೆ. ಆ ಉಬ್ಬು ಅದರದೇ. ಇಂದೇ ಚಾರ್ಜ್ ಮಾಡುವುದನ್ನು ಬಿಟ್ಟು ಸ್ವಿಚ್ ಆಫ್ ಮಾಡಿ. ಒತ್ತಿ ಕೂರಿಸಬೇಡಿ, ಸೂಜಿಯಿಂದ ಚುಚ್ಚುವ ಸಾಹಸವಂತೂ ಬೇಡವೇ ಬೇಡ: ಒಳಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಹಾಸಿಗೆ, ಕಣಕಿ ಬಣವೆಗಳಿಂದ ದೂರವಿಟ್ಟು, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಬದಲಿಸಿ. ಕಲಬುರಗಿಗೆ ಹೋಗಿಬರುವ ಬಸ್ ಚಾರ್ಜು ಉಳಿಸಲು ಹೋಗಬೇಡಿ. ಹಳೆಯ ಬ್ಯಾಟರಿಯನ್ನು ಅಲ್ಲಿಯೇ ಕೊಟ್ಟುಬನ್ನಿ, ತಿಪ್ಪೆಗೆ ಎಸೆಯುವಂಥದ್ದಲ್ಲ ಅದು.

ಮುಂದೆ ತಗಡಿನ ಕೋಣೆಯಲ್ಲಿ ಮಧ್ಯಾಹ್ನ ಚಾರ್ಜಿಗೆ ಹಾಕುವ ರೂಢಿ ಬಿಡಿ. ಮನೆಯಲ್ಲಿ ಮುಂಜಾನೆ, ಬಂಡೆಗಲ್ಲಿನ ನೆಲದ ಮೇಲೋ ಕಟ್ಟೆಯ ಮೇಲೋ ಇಟ್ಟು ಚಾರ್ಜ್ ಮಾಡಿ. ದಿಂಬಿನಡಿ ಇಡಬೇಡಿ.

ಪ್ರಶ್ನೆ: ಪಿಎಂ ಕಿಸಾನ್ ಕಂತು ನಿಂತಿದೆಯೆಂದು ವಾಟ್ಸಾಪಿಗೆ ಬಂದ ಫೈಲನ್ನು ನಮ್ಮ ಅತ್ತೆ ಒತ್ತಿಬಿಟ್ಟರು. ಹಣ ಹೋಗಿಲ್ಲ. ಆದರೆ ಅಂದಿನಿಂದ ಅವರು ಫೋನು ಮುಟ್ಟುತ್ತಿಲ್ಲ.
– ಗೃಹಿಣಿ, ಅಫಜಲಪುರ ತಾಲ್ಲೂಕು

ಉತ್ತರ: ಅತ್ತೆಯವರಿಗೆ ಧೈರ್ಯ ಹೇಳಿ. 2000 ರೂಪಾಯಿ ಕಂತಿಗೆ ಕಾದು ಕುಳಿತವರು ಯಾರಾದರೂ ಅದನ್ನು ಒತ್ತುತ್ತಿದ್ದರು. ಮೋಸಗಾರರಿಗೂ ಅದು ಗೊತ್ತು. ಬಂದದ್ದು ಎಪಿಕೆ ಫೈಲ್ (ಪ್ಲೇ ಸ್ಟೋರಿನ ಹೊರಗಿನಿಂದ ಫೋನಿಗೆ ಹಾಕುವ ಆ್ಯಪ್) ಇರಬೇಕು. ಅದು ಇನ್‌ಸ್ಟಾಲ್ ಆಗಿ, ಮೆಸೇಜ್ ಓದುವ ಅನುಮತಿಯೂ ಸಿಕ್ಕಿದ್ದರೆ ಬ್ಯಾಂಕಿನ ಒಟಿಪಿ (ಒಂದೇ ಸಲ ನಡೆಯುವ ಗುಟ್ಟಿನ ಸಂಖ್ಯೆ) ಮೋಸಗಾರರ ಕೈ ಸೇರಬಹುದು.

ಮೊದಲು ಇಂಟರ್‌ನೆಟ್ ಬಂದ್ ಮಾಡಿ. ಸೆಟ್ಟಿಂಗ್ಸಿನ ಆ್ಯಪ್ ಪಟ್ಟಿಯಲ್ಲಿ ನೀವು ಹಾಕದ ಆ್ಯಪ್ ಕಂಡರೆ ತೆಗೆದುಹಾಕಿ. ಬ್ಯಾಂಕಿಗೆ ಹೋಗಿ ವಿಷಯ ತಿಳಿಸಿ, ಬೇರೊಂದು ಫೋನಿನಲ್ಲಿ ಯುಪಿಐ ಪಿನ್ ಬದಲಿಸಿ. ಹಣ ಹೋದದ್ದು ಕಂಡರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತದೆ. ಕಂತಿನ ವಿಚಾರ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಕೇಳಿ.

ಪ್ರಶ್ನೆ: ನೀರಿಗೆ ಬಿದ್ದ ಫೋನನ್ನು ಜೋಳದ ಚೀಲದಲ್ಲಿಟ್ಟರೆ ಸರಿಹೋಗುವುದೇ?
– ವಿದ್ಯಾರ್ಥಿ, ಜೇವರ್ಗಿ

ಉತ್ತರ: ನಿಮ್ಮ ಆತಂಕ ಸಹಜ, ಆದರೆ ಜೋಳವನ್ನು ರೊಟ್ಟಿಗೇ ಬಿಡಿ. ಅದರ ಧೂಳು ಚಾರ್ಜಿಂಗ್ ಕಿಂಡಿಗೆ ಸೇರಿದರೆ ಇನ್ನೊಂದು ತೊಂದರೆ. ಫೋನ್ ಆಫ್ ಮಾಡಿ, ಸಿಮ್ ತೆಗೆದು, ಕಿಂಡಿ ಕೆಳಗಾಗುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಆಮೇಲೆ ಫ್ಯಾನ್ ಗಾಳಿಗಿಡಿ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ.