ಐದು ಸೆಂಟಿನ ಅಂಗಡಿ

ನ್ಯೂಯಾರ್ಕ್ ನಗರದ ಕಡಲಂಚಿನಲ್ಲಿ ಕೋನಿ ಐಲೆಂಡ್ ಎಂಬ ವಿಹಾರಸ್ಥಳವಿದೆ. ಜರ್ಮನಿಯಿಂದ ವಲಸೆ ಬಂದ ಚಾರ್ಲ್ಸ್ ಫೆಲ್ಟ್‌ಮನ್ ಎಂಬಾತನು 1867ರಲ್ಲಿ ಅಲ್ಲಿ ತಳ್ಳುಗಾಡಿಯ ವ್ಯಾಪಾರ ಹೂಡಿದನು. ಮಸಾಲೆ ಬೆರೆಸಿದ ಮಾಂಸದ ಸಾಸೇಜನ್ನು ಬಿಸಿಬಿಸಿಯಾಗಿ ನೀಳವಾದ ಬನ್ನಿನಲ್ಲಿಟ್ಟು ಮಾರುವುದು ಅವನ ಕಸುಬು. ತಟ್ಟೆ ಬೇಡ, ಚಮಚ ಬೇಡ. ಮರಳಿನ ಮೇಲೆ ಅಡ್ಡಾಡುತ್ತಲೇ ತಿನ್ನಬಹುದಾಗಿತ್ತು. ಮುಂದೆ ‘ಹಾಟ್ ಡಾಗ್’ ಎಂದು ಹೆಸರಾದ ತಿಂಡಿ ಇದೇ. ಗಾಡಿ ಬೆಳೆದು ದೊಡ್ಡ ಭೋಜನಶಾಲೆಯಾಯಿತು.

ಆ ಭೋಜನಶಾಲೆಯಲ್ಲಿ ಬನ್ನು ಸೀಳುವ ಕೆಲಸಕ್ಕಿದ್ದವನು ನೇಥನ್ ಹ್ಯಾಂಡ್‌ವರ್ಕರ್, ಪೋಲೆಂಡ್ ಪ್ರಾಂತದಿಂದ ಬಂದ ಬಡ ಯುವಕ. 1916ರಲ್ಲಿ ಆತನು ಸುಮಾರು 300 ಡಾಲರುಗಳ ಉಳಿತಾಯವನ್ನೇ ಪಣವಾಗಿಟ್ಟು ಸಮೀಪದಲ್ಲಿ ಪುಟ್ಟ ಅಂಗಡಿಯನ್ನು ತೆರೆದನು. ಹಳೆಯ ಧಣಿಗಳಲ್ಲಿ ಬೆಲೆ 10 ಸೆಂಟು, ಇವನಲ್ಲಿ 5. ಅಗ್ಗದ ಬೆಲೆ ಜನರನ್ನು ಸೆಳೆಯುವಂತೆ ಅಂಜಿಸುವುದೂ ಉಂಟು: ಒಳಗಿರುವುದು ಎಂತಹ ಮಾಂಸವೋ! ಬಿಳಿಯ ನಿಲುವಂಗಿ ತೊಡಿಸಿದ ಜನರಿಂದ ಅಂಗಡಿಯ ಮುಂದೆ ತಿನ್ನಿಸಿ, ವೈದ್ಯರೇ ತಿನ್ನುತ್ತಾರೆಂಬ ಭ್ರಮೆ ಹುಟ್ಟಿಸಿದನೆಂಬ ಕಥೆಯಿದೆ. ನಿಜವಾಗಿದ್ದರೆ ಅದು ಮೆಚ್ಚತಕ್ಕ ಉಪಾಯವೇನಲ್ಲ. ಮೆಚ್ಚಬೇಕಾದುದು ದುಡಿಮೆಯನ್ನು. ಮುಂದೆ ಆತನ ಪತ್ನಿಯಾದ ಐಡಾ ಜೊತೆಗೆ ನಿಂತು ದುಡಿದಳು. ಮಸಾಲೆಯ ಹದ ಅವಳ ಅಜ್ಜಿಯದೆಂದು ಮನೆತನದ ಹೇಳಿಕೆ.

1920ರ ಹೊತ್ತಿಗೆ ನಗರದ ಸುರಂಗ ರೈಲು ಕಡಲತೀರವನ್ನು ಮುಟ್ಟಿತು. ಪ್ರಯಾಣಕ್ಕೆ 5 ಸೆಂಟು, ತಿಂಡಿಗೆ 5 ಸೆಂಟು. ಕೂಲಿಕಾರನ ಸಂಸಾರಕ್ಕೂ ಭಾನುವಾರದ ವಿಹಾರ ಕೈಗೆಟುಕಿತು. 1987ರಲ್ಲಿ ಮನೆತನದವರು ಸಂಸ್ಥೆಯನ್ನು ಮಾರಿದರು. ಸರ್ಫ್ ಮತ್ತು ಸ್ಟಿಲ್‌ವೆಲ್ ಬೀದಿಗಳು ಕೂಡುವೆಡೆಯಲ್ಲಿ ನೇಥನನ ಹೆಸರಿನ ಅಂಗಡಿ ಇಂದಿಗೂ ಇದೆ.